ತಾರಸಿಯ ಮೇಲೆ ಝಡ್‌ಇಡಿ-ಎಫ್9ಪಿ: ಪುಣೆಯ ಮಳೆಗಾಲದ ಆವಿ ಅಳೆಯಲು ಸಾಕೇ?

ಜಮೀನು ಅಳೆಯುವವರು, ಡ್ರೋನ್ ಹಾರಿಸುವವರು ಕೊಳ್ಳುವ ಬೋರ್ಡು ಇದು: ಯು-ಬ್ಲಾಕ್ಸ್ ಕಂಪನಿಯ ಜಿಪಿಎಸ್‌ನಂಥ ಸ್ಥಾನಸೂಚಕ ಉಪಗ್ರಹಗಳ ಸಂಕೇತವನ್ನು ಎರಡು ಆವರ್ತನಗಳಲ್ಲಿ ಹಿಡಿಯುವ ಜಿಎನ್‌ಎಸ್‌ಎಸ್ ರಿಸೀವರ್. ಇದನ್ನೇ ಪುಣೆಯ ಯಾವುದಾದರೂ ಸೊಸೈಟಿಯ ತಾರಸಿಗೆ ಏರಿಸಿ ನೆತ್ತಿಯ ಮೇಲಿನ ನೀರಾವಿ ಅಳೆಯಬಹುದೇ? ಅಳೆಯಬಹುದು. ಬೋರ್ಡಿಗೆ ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಲೆಕ್ಕ ಕೆಡುವುದು ಹೆಚ್ಚಾಗಿ ಜೊತೆಗೆ ಕೊಂಡ ಅಗ್ಗದ ಆಂಟೆನಾ ಮತ್ತು ಬ್ಯಾರೋಮೀಟರಿನಿಂದ.

ಉಪಗ್ರಹದ ಸಂಕೇತ ಗಾಳಿಯನ್ನು ದಾಟುವಾಗ ಕೊಂಚ ತಡವಾಗುತ್ತದೆ. ಆ ತಡವನ್ನು ನೆತ್ತಿಯ ನೇರಕ್ಕೆ ಇಳಿಸಿ ಉದ್ದದಲ್ಲಿ ಹೇಳಿದರೆ, ಜುಲೈ ತಿಂಗಳ ಪುಣೆಯಲ್ಲಿ ಸುಮಾರು 2.45 ಮೀಟರ್. ಅದರಲ್ಲಿ 2.15 ಮೀಟರಿನಷ್ಟು ಗಾಳಿಯ ಒತ್ತಡದ ಪಾಲು. ಉಳಿದ 30 ಸೆಂ.ಮೀ. ಆವಿಯದು. ಅದನ್ನು 0.16ರಿಂದ ಗುಣಿಸಿದರೆ 48 ಮಿ.ಮೀ. ಆ ಆವಿಯೆಲ್ಲ ನೀರಾಗಿ ನಿಂತರೆ ಇರುವ ಎತ್ತರ ಅಷ್ಟು. ಸಾಮಾನ್ಯವಾಗಿ ಬಳಸುವ 0.15 ನಮ್ಮ ಬೆಚ್ಚನೆಯ ಮಳೆಗಾಲಕ್ಕೆ ತುಸು ಕಡಿಮೆಯಾಗುತ್ತದೆ.

ಒತ್ತಡದ ಪಾಲನ್ನು ಕಳೆಯುವಲ್ಲೇ ಹೆಚ್ಚಿನವರು ಎಡವುತ್ತಾರೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ; ಮಳೆಗಾಲದಲ್ಲಿ ತಾರಸಿಯ ನಿಜವಾದ ಒತ್ತಡ 940 ಹೆಕ್ಟೊಪ್ಯಾಸ್ಕಲ್ ಆಸುಪಾಸು. ಹವಾಮಾನದ ಆಪ್‌ಗಳು ತೋರಿಸುವುದೋ ಸಮುದ್ರಮಟ್ಟಕ್ಕೆ ಇಳಿಸಿದ 1004. ಆ ಅಂಕಿಯನ್ನೇ ಸೂತ್ರಕ್ಕೆ ಹಾಕಿದರೆ 14 ಸೆಂ.ಮೀ. ಹೆಚ್ಚು ಕಳೆದಂತಾಗಿ, 48 ಮಿ.ಮೀ. ಆವಿ 25ಕ್ಕೆ ಇಳಿಯುತ್ತದೆ. ಆರಿದ್ರಾ ಮಳೆ ಹುಯ್ಯುತ್ತಿರುವಾಗ ಪರದೆಯ ಮೇಲೆ ಚಳಿಗಾಲ! ಬ್ಯಾರೋಮೀಟರ್ ಕೆಳಮನೆಯಲ್ಲಿದ್ದು ಆಂಟೆನಾ 20 ಮೀಟರ್ ಮೇಲಿದ್ದರೂ 2 ಹೆಕ್ಟೊಪ್ಯಾಸ್ಕಲ್‌ಗಿಂತ ಹೆಚ್ಚು ವ್ಯತ್ಯಾಸ, ಅಂದರೆ ಆವಿಯಲ್ಲಿ 0.8 ಮಿ.ಮೀ. ತಪ್ಪು. ಎರಡನ್ನೂ ಒಂದೇ ಮಟ್ಟದಲ್ಲಿಡಿ, ಇಲ್ಲವೇ ಎತ್ತರದ ಅಂತರ ಅಳೆದು ತಿದ್ದಿ. ಬಿಎಂಪಿ390ರಂಥ ಸಣ್ಣ ಸೆನ್ಸರ್ ಸಾಕು. ಅದನ್ನು ಒಮ್ಮೆ ಒಳ್ಳೆಯ ಮಾಪಕದ ಜೊತೆಗಿಟ್ಟು ಹೋಲಿಸಿಕೊಂಡಿರಬೇಕು.

ಇನ್ನು ಆಂಟೆನಾ. ಕಾರಿನ ಮೇಲೆ ಅಂಟಿಸುವ ಚಪ್ಪಟೆ ಪ್ಯಾಚ್ ಆಂಟೆನಾ ಬೇಡವೇ ಬೇಡ. ಸಂಕೇತ ಹಿಡಿಯುವ ಬಿಂದು ದಿಕ್ಕಿಗೊಂದು ಕಡೆ ಸರಿಯುತ್ತದೆ. ಆ ಮಿಲಿಮೀಟರುಗಳು ನೇರವಾಗಿ ಆವಿಯ ಲೆಕ್ಕಕ್ಕೆ ಸೇರುತ್ತವೆ. ಐಜಿಎಸ್ ಎಂಬ ಅಂತರರಾಷ್ಟ್ರೀಯ ಜಿಎನ್‌ಎಸ್‌ಎಸ್ ಸೇವೆಯ ಆಂಟೆನಾ ಕಡತದಲ್ಲಿ ಮಾಪನಾಂಕವಿರುವ ಸರ್ವೆ ಆಂಟೆನಾ ಆರಿಸಿ. ಪುಣೆಯ ತಾರಸಿಯ ದೊಡ್ಡ ಶತ್ರುವೆಂದರೆ ಮಳೆಗಾಲಕ್ಕೆಂದು ಹಾಕಿಸಿದ ತಗಡಿನ ಶೆಡ್. ಅದರಿಂದ ಪುಟಿದು ಬರುವ ಸಂಕೇತ ದಿಗಂತಕ್ಕೆ ಹತ್ತಿರದ ಉಪಗ್ರಹಗಳ ಅಳತೆ ಕೆಡಿಸುತ್ತದೆ. ಆಂಟೆನಾ ತಗಡಿಗಿಂತಲೂ ನೀರಿನ ಟ್ಯಾಂಕಿಗಿಂತಲೂ ಮೇಲಿರಲಿ, ಕಂಬ ಅಲುಗಾಡದಿರಲಿ. (ಸೊಸೈಟಿ ಸೆಕ್ರೆಟರಿಯ ಒಪ್ಪಿಗೆ ಪಡೆಯುವುದು ಇದಕ್ಕಿಂತ ಕಷ್ಟದ ಕೆಲಸ.) ಟಿಎನ್‌ಸಿ ಕನೆಕ್ಟರಿಗೆ ನೀರು ಬಿಡದ ರಬ್ಬರ್ ಟೇಪ್ ಸುತ್ತಿ, ಕೇಬಲ್ಲನ್ನು ಕೆಳಗೆ ಬಳುಕಿಸಿ ಬಿಡಿ, ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ. ಸಿಡಿಲು ನಿರೋಧಕ ಮರೆಯಬೇಡಿ. ನೀರು ಒಳಹೊಕ್ಕರೆ ಎಲ್ಲ ಉಪಗ್ರಹಗಳ ಸಂಕೇತಬಲವೂ ಒಟ್ಟಿಗೇ ಕುಸಿಯುತ್ತದೆ. ಒಂದೇ ದಿಕ್ಕಿನವು ಕುಸಿದರೆ ಅಡ್ಡ ಬಂದದ್ದು ಬೇರೇನೋ.

ರಿಸೀವರಿನ ಕೊರತೆಗಳೂ ಇವೆ. ಇದರ 04ಬಿ ಮಾದರಿ ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳ ಸಂಕೇತವನ್ನು ಹಿಡಿಯುವುದಿಲ್ಲ. ಎಲ್2ಸಿ ಎಂಬ ನಾಗರಿಕ ಬಳಕೆಯ ಸಂಕೇತ ಬಿತ್ತರಿಸದ ಹಳೆಯ ಜಿಪಿಎಸ್ ಉಪಗ್ರಹಗಳಿಂದ ಎರಡನೆಯ ಆವರ್ತನ ಸಿಗದೆ, ಅವು ಈ ಲೆಕ್ಕಕ್ಕೆ ಬರುವುದಿಲ್ಲ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್ ತಿಂಗಳ ಸಂಜೆಗಳಲ್ಲಿ, ಸೂರ್ಯ ಚುರುಕಾಗಿರುವ ವರ್ಷಗಳಲ್ಲಂತೂ, ನಮ್ಮ ಅಕ್ಷಾಂಶದ ಅಯಾನುಗೋಳ (ವಾತಾವರಣದ ಮೇಲಿನ ವಿದ್ಯುದಾವೇಶದ ಪದರ) ಕದಡಿ ಸಂಕೇತ ಮಿನುಗುತ್ತದೆ, ಹಿಡಿತ ತಪ್ಪುತ್ತದೆ. ಇದು ಬೋರ್ಡಿನ ದೋಷವಲ್ಲ.

ಕೆಲಸದ ಕ್ರಮ ಸರಳ. ಆರ್‌ಎಡಬ್ಲ್ಯುಎಕ್ಸ್, ಎಸ್‌ಎಫ್‌ಆರ್‌ಬಿಎಕ್ಸ್ ಎಂಬ ಎರಡು ಸಂದೇಶಗಳನ್ನು (ಕಚ್ಚಾ ಅಳತೆ ಮತ್ತು ಉಪಗ್ರಹ ಬಿತ್ತರಿಸುವ ಮಾಹಿತಿ) ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕಕ್ಕೆ ಬರೆಸಿ, ಆರ್‌ಟಿಕೆಲಿಬ್ ತಂತ್ರಾಂಶದಿಂದ ರೈನೆಕ್ಸ್ ಎಂಬ ಸರ್ವಸಮ್ಮತ ನಮೂನೆಯ ಕಡತ ಮಾಡಿ, 30 ಸೆಕೆಂಡಿಗೊಂದು ಅಳತೆ ಉಳಿಸಿಕೊಳ್ಳಿ. ದಿನದ ಕಡತವನ್ನು ಕೆನಡಾ ಸರ್ಕಾರದ ಉಚಿತ ಸಿಎಸ್‌ಆರ್‌ಎಸ್-ಪಿಪಿಪಿ ಸೇವೆಗೆ ಕಳಿಸಿದರೆ ನೆತ್ತಿಯ ವಿಳಂಬ ಸಿಗುತ್ತದೆ.

ಆದರೆ ಮರುದಿನ ಬಂದ ಅಂಕಿ ಇಂದಿನ ಮುನ್ಸೂಚನೆಗೆ ಉಪಯೋಗವಿಲ್ಲ. ಫ್ರಾನ್ಸ್ 2006ರಲ್ಲಿ, ಬ್ರಿಟನ್ 2007ರಲ್ಲಿ ಇಂಥ ಅಳತೆಗಳನ್ನು ತಮ್ಮ ದೈನಂದಿನ ಗಣಕ ಮುನ್ಸೂಚನೆಗೆ ಸೇರಿಸಿಕೊಂಡವು. ಅಲ್ಲಿಗೆ ಅಂಕಿ ಗಂಟೆ, ಒಂದೂವರೆ ಗಂಟೆಯೊಳಗೆ ತಲುಪಬೇಕು. ಅದಕ್ಕೆ ಉಪಗ್ರಹಗಳ ಅಂದಾಜು ಕಕ್ಷೆ ಮತ್ತು ಗಡಿಯಾರಗಳ ತತ್‌ಕ್ಷಣದ ತಿದ್ದುಪಡಿ ಬೇಕು, ಕರೆಂಟು ಹೋದರೂ ನಿಲ್ಲದ ಇಂಟರ್ನೆಟ್ ಬೇಕು. ಮುನ್ಸೂಚನೆಯ ಗಣಕ ಮಾದರಿಗೆ ಕೊಡಬೇಕಾದದ್ದು ಮಿಲಿಮೀಟರ್ ಆವಿಯನ್ನಲ್ಲ, ವಿಳಂಬವನ್ನೇ. ಸಹ್ಯಾದ್ರಿಯ ಮಗ್ಗುಲಲ್ಲಿ ಮಾದರಿಯ ಚೌಕ ಊಹಿಸುವ ನೆಲಕ್ಕೂ ನಿಜವಾದ ನೆಲಕ್ಕೂ 100 ಮೀಟರ್ ಅಂತರವಿದ್ದರೆ ಒತ್ತಡದ ಪಾಲೇ 25 ಮಿ.ಮೀ. ಬದಲಾಗುತ್ತದೆ. ಅದನ್ನು ತಿದ್ದದೆ ಸೇರಿಸಿದ ಅಳತೆ ಮುನ್ಸೂಚನೆಯನ್ನು ಕೆಡಿಸೀತು.

ಆವಿ ಯಾವ ಎತ್ತರದಲ್ಲಿದೆ ಎಂಬುದನ್ನು ಈ ಸೆಟ್ ಹೇಳದು. ಅದಕ್ಕೆ 2019ರಲ್ಲಿ ಉಡಾಯಿಸಿದ ಕಾಸ್ಮಿಕ್-2ರಂಥ ಉಪಗ್ರಹಗಳಿವೆ: ದಿಗಂತದಂಚಿನಲ್ಲಿ ಬಾಗಿ ಬರುವ ಸಂಕೇತದಿಂದ ಅವು ಪದರ ಪದರವಾಗಿ ಓದುತ್ತವೆ. ಆದರೆ ಅವು ಒಂದೇ ಊರಿನ ಮೇಲೆ ಕಾದು ಕೂರುವುದಿಲ್ಲ. ತಾರಸಿಯ ಆಂಟೆನಾ ಸುತ್ತಲಿನ ಹತ್ತು ಹನ್ನೆರಡು ಕಿ.ಮೀ. ದೂರದವರೆಗಿನ ಆವಿ ಹೆಚ್ಚುವುದನ್ನು ಹಗಲಿರುಳು ಹೇಳುತ್ತದೆ; ಹವಾಮಾನ ಇಲಾಖೆಯ ಬಲೂನು ಹಾರುವುದು ಬೆಳಗ್ಗೆ, ಸಂಜೆ ಐದೂವರೆಯ ಆಸುಪಾಸಿಗೆ ಎರಡೇ ಸಲ. ಕೊಳ್ಳುವವರು ಮೊದಲ ಒಂದು ತಿಂಗಳ ಅಂಕಿಯನ್ನು ಯಾರಿಗೂ ಕೊಡದೆ ಹೋಲಿಕೆಗಷ್ಟೇ ಇಟ್ಟುಕೊಳ್ಳಿ. ಆಂಟೆನಾ ಹೆಸರು, ಅದರ ಎತ್ತರ, ಬದಲಾಯಿಸಿದ ದಿನಾಂಕ ಇವನ್ನು ಮೊದಲ ದಿನದಿಂದಲೇ ಬರೆದಿಡಿ.