ಟೈಫಾಯಿಡ್ ಲಸಿಕೆ: ಹಳೆಯದೋ, ಕಾಂಜುಗೇಟೋ?

ಮಗುವಿಗೆ ಎರಡು ವರ್ಷ ತುಂಬಿಲ್ಲವೆಂದರೆ ಯೋಚನೆಯೇ ಬೇಡ, ಹೊಸ ಬಗೆಯ ಕಾಂಜುಗೇಟ್ ಲಸಿಕೆಯೇ ಸರಿ. ಹಳೆಯ ವಿಐ ಲಸಿಕೆಯಲ್ಲಿರುವುದು ಬ್ಯಾಕ್ಟೀರಿಯಾದ ಹೊರಕವಚದ ಸಕ್ಕರೆ ಸರಪಳಿ ಮಾತ್ರ. ಪುಟ್ಟ ಮಕ್ಕಳ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ದೊಡ್ಡವರಿಗೂ ಮೂರು ವರ್ಷಕ್ಕೊಮ್ಮೆ ಮತ್ತೆ ಚುಚ್ಚಿಸಬೇಕು.

ಕಾಂಜುಗೇಟ್‌ನಲ್ಲಿ ಅದೇ ಸಕ್ಕರೆಯನ್ನು ಪ್ರೋಟೀನ್‌ಗೆ ಜೋಡಿಸುತ್ತಾರೆ. ಆಗ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಕೋಶಗಳೂ ಕೆಲಸಕ್ಕಿಳಿಯುತ್ತವೆ, ರೋಗಾಣುವಿನ ನೆನಪು ಉಳಿಯುತ್ತದೆ. ಸಕ್ಕರೆ, ಪ್ರೋಟೀನ್ ಎರಡನ್ನೂ ಬೇರೆ ಬೇರೆ ತಯಾರಿಸಿ, ಶುದ್ಧ ಮಾಡಿ, ಕೂಡಿಸಬೇಕು. ಕೆಲಸ ಜಾಸ್ತಿ, ಬೆಲೆಯೂ ಜಾಸ್ತಿ. ಹೈದರಾಬಾದಿನ ಭಾರತ್ ಬಯೋಟೆಕ್‌ನ ಟೈಪ್‌ಬಾರ್ ಟಿಸಿವಿ ಎಂಬ ಕಾಂಜುಗೇಟ್ ಲಸಿಕೆಯನ್ನು 6 ತಿಂಗಳ ವಯಸ್ಸಿನಿಂದಲೇ ಕೊಡಬಹುದು. ನೇಪಾಳದ ಮಕ್ಕಳಲ್ಲಿ ಅದರ ರಕ್ಷಣೆ ಶೇ. 80ರ ಆಸುಪಾಸು ಕಂಡಿತು. ನಿಜಕ್ಕೂ ಖುಷಿಯ ಸಂಗತಿ, ಅಲ್ವಾ?

ದೊಡ್ಡವರು, ಕೈಯಲ್ಲಿ ದುಡ್ಡು ಕಡಿಮೆ ಎಂದರೆ ಹಳೆಯದನ್ನಾದರೂ ಹಾಕಿಸಿಕೊಳ್ಳಿ. ಸುಮ್ನೆ ಮುಂದೂಡಬೇಡಿ.