ಸಂಡೂರಿನ ಕುಶಲ ಕಲಾ ಕೇಂದ್ರ: ತಿರುಗಿಸಿ ನೋಡಿ ಕೊಂಡ ಚೀಲ

ಹೋದ ವರ್ಷ ಬೇರೊಂದು ಊರಿನ ಅಂಗಡಿಯಲ್ಲಿ ಲಂಬಾಣಿ ಕಸೂತಿಯ ಚೀಲ ಕೊಂಡಿದ್ದೆ. ಕೈಕೆಲಸ ಅಂದಿದ್ದರು, ನೋಡಿದರೆ ಮಷಿನ್ ಹೊಲಿಗೆ. ಎರಡೇ ವಾರಕ್ಕೆ ಕನ್ನಡಿ ಉದುರಿದವು. ಮಗಳು ಅತ್ತಿದ್ದಳು. ಅದಕ್ಕೇ ಈ ಸಲ ನೇರ ಬಳ್ಳಾರಿ ಜಿಲ್ಲೆಯ ಸಂಡೂರಿಗೆ, ಲಂಬಾಣಿ ಹೆಂಗಸರು ಕೈಯಿಂದಲೇ ಹೊಲಿಯುವ ಕುಶಲ ಕಲಾ ಕೇಂದ್ರಕ್ಕೆ ಹೋದೆ.

ಕೇಂದ್ರದಲ್ಲಿ ಒಬ್ಬ ಅಕ್ಕ ಕೆಂಪು ಬಟ್ಟೆಗೆ ಕವಡೆ ಕೂರಿಸುತ್ತಿದ್ದರು. ಚೀಲ ಕೈಗೆತ್ತಿಕೊಂಡೆ. "ಮುಂದಲ್ಲಮ್ಮ, ಹಿಂದೆ ತಿರುಗಿಸಿ ನೋಡು," ಅಂದರು. ಪ್ರತಿ ಕನ್ನಡಿಯ ಸುತ್ತಲೂ ದಾರ ಒತ್ತೊತ್ತಾಗಿ ಹಿಡಿದಿತ್ತು. ಎಳೆದು ನೋಡಿದೆ, ಒಂದೂ ಅಲುಗಲಿಲ್ಲ. ಮನೆಗೆಲಸ ಮುಗಿಸಿ ಕೂತು ಹೊಲಿಯಲು ಒಂಬತ್ತು ದಿನ ಹಿಡಿಯಿತಂತೆ. ಹಾಗಾಗಿ ಬೆಲೆ ನನಗೆ ಜಾಸ್ತಿ ಅನಿಸಲಿಲ್ಲ. ಚೌಕಾಸಿ ಮಾಡಲು ಮನಸ್ಸೂ ಬರಲಿಲ್ಲ.

ಇದು 1984ರಲ್ಲಿ ಶುರುವಾದ ಕೇಂದ್ರ. ಬೆನ್ನಿಗೆ ನಿಂತಿದ್ದು ಇಲ್ಲಿಯ ಮ್ಯಾಂಗನೀಸ್ ಗಣಿ ಕಂಪನಿ. ನನಗೆ ಬಹಳ ಹಿಡಿಸಿದ್ದು ಇದೇ. ತಾಂಡಾದ ಹೆಂಗಸರಿಗೆ ಹೊಸ ಕಸುಬು ಹೇರಲಿಲ್ಲ. ಅವರ ಅಜ್ಜಿಯರ ಹೊಲಿಗೆಗೇ ಜಾಗ ಕೊಟ್ಟು, ಮಾರುಕಟ್ಟೆ ಹುಡುಕಿದರು. ಗಣಿ ಕಂಪನಿ ಮತ್ತು ಊರಿನವರ ಸಂಬಂಧ ಹೀಗೂ ಇರಬಹುದು ಅಲ್ವಾ? ಸಂಡೂರು ಲಂಬಾಣಿ ಕಸೂತಿಗೆ ಈಗ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಕಸುಬು ಅನ್ನುವ ಅಧಿಕೃತ ಗುರುತು ಇದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆ ಹೊತ್ತಿಗೆ 450ಕ್ಕೂ ಹೆಚ್ಚು ಹೆಂಗಸರು ಮಾಡಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಹೋಗುವವರು ಸಮಯ ಇಟ್ಟುಕೊಂಡು ಹೋಗಿ. ಸುಮ್ನೆ ಕೊಂಡು ಬರಬೇಡಿ, ಹೊಲಿಯುವವರ ಪಕ್ಕ ಸ್ವಲ್ಪ ಹೊತ್ತು ಕೂರಿ. ನಾನು ನೀಲಿ ಚೀಲ ತಂದೆ. ಮಗಳು ದಿನಾ ಕಾಲೇಜಿಗೆ ಅದನ್ನೇ ಒಯ್ಯುತ್ತಾಳೆ.