ಕ್ಯಾಬಿನೆಟ್ಟು ಚೆನ್ನಾಗಿದೆ, ಫ್ಯಾನಿನ ವೈರು ನೋಡಿ ತಗೊಳ್ಳಿ

ಮುಂದೆ ಜಾಲರಿ, ಪಕ್ಕಕ್ಕೆ ಗಾಜು, ಒಳಗೆ ಬಣ್ಣ ಬದಲಿಸುವ ನಾಲ್ಕು ಫ್ಯಾನು, ಬೆಲೆ ನಾಲ್ಕು ಸಾವಿರದ ಒಳಗೆ. ಇಂಥ ಕಂಪ್ಯೂಟರ್ ಕ್ಯಾಬಿನೆಟ್ಟುಗಳು (ಬಿಡಿಭಾಗಗಳನ್ನೆಲ್ಲ ಕೂರಿಸುವ ಡಬ್ಬ) ಈಗ ಹತ್ತಾರು ಹೆಸರಲ್ಲಿ ಸಿಗುತ್ತವೆ, ನನ್ನದೂ ಅದೇ ಜಾತಿ. ಕಂಪನಿ ಹೆಸರು ಬೇಕಂತಲೇ ಬರೆದಿಲ್ಲ. ಈ ಬೆಲೆಯ ಡಬ್ಬ ಕೊಳ್ಳುವಾಗ ಯಾರೂ ತಿರುಗಿಸಿ ನೋಡದ ಒಂದು ವೈರಿನ ಮೇಲೆ ನನ್ನ ತಕರಾರು. ಎಷ್ಟು ಹಾರ್ಡ್‌ಡಿಸ್ಕ್ ಹಿಡಿಯುತ್ತೆ, ಎಷ್ಟುದ್ದದ ಗ್ರಾಫಿಕ್ಸ್ ಕಾರ್ಡ್ ಕೂರುತ್ತೆ ಅನ್ನೋದೆಲ್ಲ ರಟ್ಟಿನ ಪೆಟ್ಟಿಗೆ ಮೇಲೇ ಅಚ್ಚಾಗಿರುತ್ತೆ, ಬಿಡಿ.

ನನ್ನ ಕೆಲಸ ಮದುವೆ ವಿಡಿಯೋ ಎಡಿಟಿಂಗ್, ಊರು ಕಲಬುರಗಿ. ಬಿಡಿಭಾಗಕ್ಕೆ ಬೆಂಗಳೂರಿನ ಎಸ್‌ಪಿ ರಸ್ತೆಗಿಂತ ನಮಗೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರೇ ಹತ್ತಿರ. ಬೆಳಿಗ್ಗೆ ರೈಲು ಹತ್ತಿದರೆ ರಾತ್ರಿಗೆ ಸಾಮಾನಿನ ಜೊತೆ ಮನೆಯಲ್ಲಿರಬಹುದು. ಪ್ರೊಸೆಸರ್ ಇಂಟೆಲ್ ಐ5-12400. ಹೊಸ ಕ್ಯಾಮೆರಾಗಳ 10 ಬಿಟ್ 4:2:2 ಎಚ್.265 ಫೈಲುಗಳನ್ನು (ಬಣ್ಣದ ವಿವರ ಹೆಚ್ಚಿಟ್ಟು ಬಿಗಿಯಾಗಿ ಕುಗ್ಗಿಸಿದ ವಿಡಿಯೋ) ಇದರೊಳಗಿನ ಗ್ರಾಫಿಕ್ಸೇ ಬಿಡಿಸಿಕೊಡುತ್ತೆ, ಟೈಮ್‌ಲೈನ್ ತಡವರಿಸಲ್ಲ. ಆ ಆಯ್ಕೆ ಬಗ್ಗೆ ಇವತ್ತಿಗೂ ಸಮಾಧಾನ ಇದೆ. ಎಡಿಟಿಂಗ್ ಕೋಣೆಯಲ್ಲಿ ಎಸಿ ಇಲ್ಲ. ಲಗ್ನದ ಆಮಂತ್ರಣದ ವಿಡಿಯೋಗಳಿಗೆ ದನಿ ರೆಕಾರ್ಡ್ ಮಾಡೋದೂ ಅಲ್ಲೇ, ಮೈಕು ಡಬ್ಬದಿಂದ ಎರಡು ಮೊಳ ದೂರ. ಈ ವಿಮರ್ಶೆಯ ಸಿಟ್ಟೆಲ್ಲ ಹುಟ್ಟಿರೋದು ಆ ಎರಡು ಮೊಳದಲ್ಲಿ.

ಜೋಡಿಸುವಾಗ ಎಲ್ಲ ಸುಸೂತ್ರ. ಮದರ್‌ಬೋರ್ಡ್ ಕೂತಿತು, ಪವರ್ ಸಪ್ಲೈ ಕೆಳಗಿನ ಗೂಡಿಗೆ ಸೇರಿತು. ಫ್ಯಾನುಗಳ ವೈರು ಹುಡುಕಿದರೆ ನಾಲ್ಕೂ ಒಂದಕ್ಕೊಂದು ಪೋಣಿಸಿಕೊಂಡು ಕೊನೆಗೆ ಒಂದು ದಪ್ಪ ಬಿಳಿ ಮೊಲೆಕ್ಸ್ ತಲೆಯಲ್ಲಿ ಮುಗಿದಿದ್ದವು. ಹಳೇ ಐಡಿಇ ಹಾರ್ಡ್‌ಡಿಸ್ಕ್, ಸಿಡಿ ಡ್ರೈವ್‌ಗಳ ಕಾಲದ ಕನೆಕ್ಟರ್ ಅದು: ಹಳದಿ ವೈರಲ್ಲಿ 12 ವೋಲ್ಟ್, ಕೆಂಪಿನಲ್ಲಿ 5, ನಡುವೆ ಎರಡು ಕಪ್ಪು. ಸೀದಾ ಪವರ್ ಸಪ್ಲೈಗೆ ಹೋಗುತ್ತೆ. ಒಳಗೆ ಇಂಥ ಫ್ಯಾನುಗಳಿವೆ ಅನ್ನೋದೇ ಮದರ್‌ಬೋರ್ಡಿಗೆ ಗೊತ್ತಿರಲ್ಲ. ಸ್ವಿಚ್ ಒತ್ತಿದ ಗಳಿಗೆಯಿಂದ ಆರಿಸೋವರೆಗೂ 12 ವೋಲ್ಟು, ಪೂರ್ತಿ ವೇಗ. ಎರಡು ತಾಸಿನ ಮದುವೆ ರೆಂಡರ್ (ಎಡಿಟ್ ಮುಗಿದ ವಿಡಿಯೋ ಫೈಲಾಗೋದು) ಆಗ್ತಿರಲಿ, ಬರೀ ಮೇಲ್ ನೋಡ್ತಿರಲಿ, ಒಂದೇ ಓಟ.

ಫ್ಯಾನಿನ ವೈರಿನ ಲೆಕ್ಕ ಕಷ್ಟದ್ದೇನಲ್ಲ. ಎರಡು ತಂತಿ ಇದ್ದರೆ ಬರೀ ಕರೆಂಟು. ಮೂರನೆಯದು ಬಂದರೆ ಫ್ಯಾನು ತನ್ನ ವೇಗ ಎಷ್ಟು ಅಂತ ಬೋರ್ಡಿಗೆ ವರದಿ ಕೊಡುತ್ತೆ. ವೇಗ ತಗ್ಗಿಸಬೇಕಾದರೆ ಬೋರ್ಡು ವೋಲ್ಟೇಜನ್ನೇ ಇಳಿಸುತ್ತೆ. ನಾಲ್ಕನೆಯದು ಪಿಡಬ್ಲ್ಯುಎಂ. ಇದರಲ್ಲಿ 12 ವೋಲ್ಟು ಸದಾ ಹರಿಯುತ್ತಲೇ ಇರುತ್ತೆ, ನಾಲ್ಕನೇ ತಂತಿಯ ಮೇಲೆ ಸೆಕೆಂಡಿಗೆ 25 ಸಾವಿರ ಸಲ ಹಚ್ಚಿ ಆರಿಸುವ ಸಂಕೇತ ಬರುತ್ತೆ, ಹಚ್ಚಿದ ಪಾಲು ಎಷ್ಟೋ ಅದಕ್ಕೆ ತಕ್ಕ ವೇಗ. ನಮ್ಮ ಕಿವಿ 20 ಸಾವಿರದಾಚೆ ಕೇಳಲ್ಲ, ಹಾಗಾಗಿ ಆ ಸಂಕೇತದಿಂದ ಕೀರಲು ಸದ್ದಿಲ್ಲ. ಇಲ್ಲೊಂದು ಸೂಕ್ಷ್ಮ: ಮೂರು ಪಿನ್ನಿನ ಫ್ಯಾನನ್ನು ನಾಲ್ಕು ಪಿನ್ನಿನ ಜಾಗಕ್ಕೆ ಚುಚ್ಚಿ, ಬಯೋಸಿನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಪಿಡಬ್ಲ್ಯುಎಂ ಅಂತಲೇ ಬಿಟ್ಟರೆ ಅದೂ ಪೂರ್ತಿ ವೇಗದಲ್ಲೇ ಓಡುತ್ತೆ. ಅಲ್ಲಿ ಡಿಸಿ (ವೋಲ್ಟೇಜ್ ಇಳಿಸುವ ಬಗೆ) ಅಂತ ಬದಲಿಸಬೇಕು. ಎಷ್ಟೋ ಜನರ "ಫ್ಯಾನು ಸದ್ದು" ಇಷ್ಟರಲ್ಲೇ ಹೋಗುತ್ತೆ. ನನ್ನ ಡಬ್ಬದ ಫ್ಯಾನುಗಳಿಗೆ ಆ ಭಾಗ್ಯವೂ ಇರಲಿಲ್ಲ.

ಹಳಬರು ಒಂದು ಉಪಾಯ ಹೇಳ್ತಾರೆ: ಫ್ಯಾನಿನ ಕಪ್ಪು ವೈರನ್ನು ಗ್ರೌಂಡಿನ ಬದಲು 5 ವೋಲ್ಟಿನ ಕೆಂಪಿಗೆ ಕೊಡು, 12ರಲ್ಲಿ 5 ಕಳೆದು 7 ವೋಲ್ಟಲ್ಲಿ ಮೆತ್ತಗೆ ತಿರುಗುತ್ತೆ ಅಂತ. ತಿರುಗುತ್ತೆ, ಸುಳ್ಳಲ್ಲ. ಆದರೆ ಅದು 5 ವೋಲ್ಟಿನ ತಂತಿಗೆ ಹಿಮ್ಮುಖವಾಗಿ ಕರೆಂಟು ತಳ್ಳುವ ಕೆಲಸ. ಹಾರ್ಡ್‌ಡಿಸ್ಕಲ್ಲಿ ಬೇರೆಯವರ ಮದುವೆ ಇಟ್ಟುಕೊಂಡವನು ಆ ಸಾಹಸಕ್ಕೆ ಇಳಿಯಬಾರದು.

ಸದ್ದು ಎಂಥದ್ದು ಅಂದರೆ, ಅವ್ವ ಬಾಗಿಲಲ್ಲಿ ನಿಂತು "ಒಳಗ ಗಿರಣಿ ಚಾಲೂ ಮಾಡೀ ಏನಪಾ?" ಅಂದಳು. ಕಿವಿಗೆ ಅಭ್ಯಾಸ ಆಗುತ್ತೆ, ಮೈಕಿಗೆ ಆಗಲ್ಲ. ಸಾಫ್ಟ್‌ವೇರಿನಲ್ಲಿ ನಾಯ್ಸ್ ತೆಗೆಯಬಹುದು, ತೆಗೆದೆ ಕೂಡ. ಆದರೆ ಗಾಳಿಯ ಸದ್ದೂ ನಮ್ಮ ಶಕಾರ ಸಕಾರಗಳೂ ಹೆಚ್ಚುಕಮ್ಮಿ ಒಂದೇ ಕಂಪನದ ಸೀಮೆಯಲ್ಲಿರೋದರಿಂದ, ಗಾಳಿ ತೆಗೆಯಲು ಹೋದರೆ "ಶುಭವಿವಾಹ"ದ ಶ ಅರ್ಧ ನುಂಗಿಹೋಗುತ್ತೆ. ಹುಡುಗಿಯ ಮಾವನೊಬ್ಬರು ಆಡಿಯೋ ಕೇಳಿ "ನಿಮಗೆ ನೆಗಡಿ ಆಗ್ಯದೇನ್ರಿ?" ಅಂತ ಫೋನು ಮಾಡಿದ್ದರು. ಕೊನೆಗೆ ಕಂಪ್ಯೂಟರ್ ಆರಿಸಿ ಮೊಬೈಲಲ್ಲಿ ರೆಕಾರ್ಡ್ ಮಾಡುವ ಪರಿಪಾಠ ಶುರುವಾಯಿತು. ಅಷ್ಟು ದುಡ್ಡು ಸುರಿದು ಕಟ್ಟಿದ ಯಂತ್ರವನ್ನು ಮಾತಾಡಬೇಕಾದಾಗಲೆಲ್ಲ ಆರಿಸಬೇಕು!

ಬೇಸಿಗೆಯಲ್ಲಾದರೂ ಈ ಓಟ ಉಪಯೋಗಕ್ಕೆ ಬಂತಾ? ಅಷ್ಟೇನಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ಮುಟ್ಟೋದು ಹೊಸದಲ್ಲ. ಫ್ಯಾನು ಎಷ್ಟೇ ಜೋರಾಗಿ ತಿರುಗಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು; ಒಳಗಿನ ಬಿಸಿಯನ್ನು ಹೊರಗೆ ಸಾಗಿಸೋದಷ್ಟೇ ಅದರ ಕೆಲಸ. ಬೇಕಾದಷ್ಟು ಗಾಳಿ ಸಾಗಿದ ಮೇಲೆ ಇನ್ನೂ ಜೋರು ಮಾಡಿದರೆ ಒಂದೆರಡು ಡಿಗ್ರಿ ಇಳಿದೀತು, ಸದ್ದು ಮಾತ್ರ ಏರುತ್ತಲೇ ಹೋಗುತ್ತೆ. ವೇಗ ಅರ್ಧ ಮಾಡಿದರೆ ಗಾಳಿ ಅರ್ಧಕ್ಕೆ ಇಳಿಯುತ್ತೆ, ಫ್ಯಾನು ತಿನ್ನುವ ಶಕ್ತಿ ಎಂಟನೇ ಒಂದಕ್ಕೆ ಇಳಿಯುತ್ತೆ. ದೊಡ್ಡ ಫ್ಯಾನು ನಿಧಾನಕ್ಕೆ ತಿರುಗೋದೇ ಲಾಭ ಅನ್ನೋದಕ್ಕೆ ಈ ಲೆಕ್ಕ ಸಾಕು. ಹಗಲಿರುಳು ಓಡಿ ಓಡಿ ಹಿಂದಿನ ಫ್ಯಾನಿನ ಬೇರಿಂಗು ಕರಕರ ಅನ್ನಲು ಶುರುವಾದಾಗ ಈ ಡಬ್ಬವನ್ನೇ ಮಾರಿಬಿಡೋಣ ಅನ್ನಿಸಿತ್ತು.

ಮಾರಲಿಲ್ಲ. ಎಲ್ಲ ಬಿಚ್ಚಿ ನೆಲದ ಮೇಲೆ ಹರಡಿಕೊಂಡಾಗ ಖಾಲಿ ಕ್ಯಾಬಿನೆಟ್ಟು ಎಷ್ಟು ಚೆನ್ನಾಗಿದೆ ಅನ್ನೋದು ಕಂಡಿತು. ತಗಡಿನ ಅಂಚೆಲ್ಲ ಮಡಚಿದ್ದಾರೆ, ಬೆರಳು ಕೊಯ್ಯಲ್ಲ. ಮುಂದಿನ ಜಾಲರಿಗೆ ಗಾಳಿ ಧಾರಾಳವಾಗಿ ನುಗ್ಗುತ್ತೆ. ಇದೇ ಬೆಲೆಗೆ ಮುಂದೆಯೂ ಗಾಜು ಹಾಕಿ ಮೂಗು ಮುಚ್ಚಿದ ಡಬ್ಬಗಳಿವೆ. ಕೆಳಗಿನ ಧೂಳಿನ ಜಾಲರಿ ಡ್ರಾಯರಿನ ಹಾಗೆ ಹಿಂದಿನಿಂದ ಎಳೆದರೆ ಬರುತ್ತೆ. ಮದರ್‌ಬೋರ್ಡಿನ ಬೆನ್ನ ಹಿಂದೆ ವೈರು ಬಚ್ಚಿಡಲು ಬೆರಳಗಲ ಜಾಗ ಬಿಟ್ಟಿದ್ದಾರೆ. ಇಷ್ಟೆಲ್ಲ ಯೋಚನೆ ಮಾಡಿದವರು ಫ್ಯಾನಿಗೆ ಇನ್ನೊಂದು ಐವತ್ತು ರೂಪಾಯಿ ಹಾಕಿ ನಾಲ್ಕು ಪಿನ್ನು ಕೊಡಬಾರದಿತ್ತಾ?

ಹಳೆಯ ನಾಲ್ಕನ್ನೂ ಕಿತ್ತು ಆರ್ಕ್ಟಿಕ್ ಪಿ12 ಪಿಡಬ್ಲ್ಯುಎಂ ಮೂರು ಹಾಕಿದೆ. ಬಣ್ಣ ಇಲ್ಲ, ಬೆಳಕಿಲ್ಲ, ಕರ್ರಗೆ ಮೂರು ಚೌಕ. 200ರಿಂದ 1800 ಆರ್‌ಪಿಎಂವರೆಗೆ ಹೇಳಿದಂತೆ ಕೇಳುತ್ತವೆ. ಎರಡು ಮುಂದೆ ಒಳಕ್ಕೆ, ಒಂದು ಹಿಂದೆ ಹೊರಕ್ಕೆ. ಒಳಬರುವ ಗಾಳಿ ಹೆಚ್ಚು, ಹೋಗೋದು ಕಡಿಮೆ ಇದ್ದರೆ ಸಂದುಗೊಂದಿಗಳಿಂದ ಗಾಳಿ ಹೊರಗೇ ಬರುತ್ತೆ, ಧೂಳು ಒಳಗೆ ನುಸುಳಲ್ಲ. ಫ್ಯಾನಿನ ಯಾವ ಮುಖದಿಂದ ಗಾಳಿ ಹೊರಬೀಳುತ್ತೆ ಅನ್ನೋದು ಸುಲಭ: ಮೋಟರನ್ನು ಹಿಡಿದಿರುವ ಕಡ್ಡಿಗಳು ಕಾಣುವ ಕಡೆಯಿಂದ. ನಂಬಿಕೆ ಬರದಿದ್ದರೆ ಊದುಬತ್ತಿ ಹಚ್ಚಿ ಹಿಡಿಯಿರಿ. ನಾನು ಹಿಡಿದೆ. ಮುಂದೆ ಹೊಗೆ ಸುರುಳಿ ಬಿಚ್ಚಿಕೊಂಡು ಜಾಲರಿಯೊಳಗೆ ನೆಟ್ಟಗೆ ಎಳೆದುಕೊಂಡಿತು, ಹಿಂದೆ ಹಿಡಿದರೆ ಗೋಡೆ ಕಡೆ ಚದುರಿತು. ಬೂದಿ ಬೀಳದ ಹಾಗೆ ನೋಡಿಕೊಳ್ಳಿ, ಅಷ್ಟೇ.

ಮುಂದಿನ ಎರಡನ್ನೂ ಒಂದು ಸ್ಪ್ಲಿಟರ್ (ಎರಡು ತಲೆಯಾಗಿ ಕವಲೊಡೆಯುವ ವೈರು) ಹಾಕಿ ಒಂದೇ ಹೆಡರಿಗೆ (ಬೋರ್ಡಿನಲ್ಲಿ ಫ್ಯಾನು ಚುಚ್ಚುವ ಜಾಗ) ಕೊಟ್ಟಿದ್ದೀನಿ. ಮದರ್‌ಬೋರ್ಡಿನ ಫ್ಯಾನ್ ಹೆಡರ್ ಸಾಮಾನ್ಯವಾಗಿ 1 ಆಂಪಿಯರ್ ತಡೆಯುತ್ತೆ, ಅಂದರೆ 12 ವ್ಯಾಟ್. ಫ್ಯಾನಿನ ನಡುಮಧ್ಯದ ಸ್ಟಿಕ್ಕರಿನಲ್ಲಿ ಆಂಪಿಯರ್ ಬರೆದಿರುತ್ತೆ, ಕೂಡಿಸಿ ನೋಡಿ, ಸ್ವಲ್ಪ ಉಳಿಸಿಕೊಂಡೇ ಲೆಕ್ಕ ಹಾಕಿ. ಸ್ಪ್ಲಿಟರ್ ತಂದವರು ಗಾಬರಿಯಾಗೋ ವಿಷಯ ಒಂದಿದೆ: ಎರಡು ತಲೆಗಳಲ್ಲಿ ಒಂದರ ಮೂರನೇ ಪಿನ್ನು ಇರಲ್ಲ. ಮುರಿದಿಲ್ಲ, ತಯಾರಿಸಿದ್ದೇ ಹಾಗೆ. ಇಬ್ಬರೂ ಒಟ್ಟಿಗೆ ವೇಗದ ವರದಿ ಕೊಟ್ಟರೆ ಬೋರ್ಡಿಗೆ ಗೊಂದಲ, ಆದ್ದರಿಂದ ಒಬ್ಬರಿಗೆ ಮಾತ್ರ ಬಾಯಿ. ಇನ್ನು, ಬೆಳಕಿನ ಫ್ಯಾನು ಬೇಕೇ ಬೇಕು ಅನ್ನುವವರು 5 ವೋಲ್ಟಿನ ಮೂರು ಪಿನ್ನಿನ ಎಆರ್‌ಜಿಬಿ ಬೆಳಕಿನ ವೈರನ್ನು 12 ವೋಲ್ಟಿನ ನಾಲ್ಕು ಪಿನ್ನಿನ ಆರ್‌ಜಿಬಿ ಹೆಡರಿಗೆ ಒತ್ತಾಯದಿಂದ ಚುಚ್ಚಬೇಡಿ, ಎಲ್‌ಇಡಿ ಸುಟ್ಟುಹೋಗುತ್ತೆ.

ಬಯೋಸಿನ ಫ್ಯಾನ್ ಕರ್ವ್ (ಇಷ್ಟು ಬಿಸಿಗೆ ಇಷ್ಟು ವೇಗ ಅನ್ನುವ ಗೆರೆ) ಬರೆಯೋದು ನನಗೆ ಈ ಇಡೀ ವ್ಯವಹಾರದಲ್ಲಿ ಖುಷಿ ಕೊಟ್ಟ ಭಾಗ. ಪ್ರೊಸೆಸರಿನ ಬಿಸಿ ಒಂದು ಕ್ಲಿಕ್ಕಿಗೆ ಹತ್ತು ಡಿಗ್ರಿ ಜಿಗಿದು ಇಳಿಯುತ್ತೆ. ಮುಂದಿನ ಫ್ಯಾನನ್ನು ಅದಕ್ಕೇ ಕಟ್ಟಿಹಾಕಿದರೆ ಫೋಲ್ಡರ್ ತೆರೆದಾಗಲೆಲ್ಲ ಬುಸ್ ಅಂತ ಏರಿ ಇಳಿಯುತ್ತೆ. ಹಾಗಾಗಿ ಏರುವ ಮುನ್ನ ಕೆಲವು ಸೆಕೆಂಡು ಕಾಯುವ ಸ್ಟೆಪ್ ಅಪ್ ಆಯ್ಕೆ ಹಾಕಿದೆ. 50 ಡಿಗ್ರಿವರೆಗೆ ಶೇ 35, 70ಕ್ಕೆ 55, 80 ದಾಟಿದರೆ ಹೇಗಾದರೂ ಓಡಿಕೋ. ನಡುವೆ ಒಂದು ವೇಗದಲ್ಲಿ ಕ್ಯಾಬಿನೆಟ್ಟಿನ ಪಕ್ಕದ ತಗಡು ಗುಂಯ್ ಅನ್ನುತ್ತಿತ್ತು. ಕೈ ಒತ್ತಿ ಹಿಡಿದರೆ ನಿಲ್ಲುತ್ತೆ, ಬಿಟ್ಟರೆ ಮತ್ತೆ ಗುಂಯ್. ಕರ್ವಿನ ಗೆರೆಯನ್ನು ಆ ವೇಗದ ಹತ್ತಿರ ಕಡಿದಾಗಿ ಏರಿಸಿದೆ, ಈಗ ಫ್ಯಾನು ಅಲ್ಲಿ ನಿಲ್ಲದೆ ದಾಟಿಹೋಗುತ್ತೆ. ವಿಂಡೋಸಿನಲ್ಲೇ ಮಾಡಬೇಕು ಅನ್ನುವವರಿಗೆ ಫ್ಯಾನ್‌ಕಂಟ್ರೋಲ್ ಅನ್ನುವ ಉಚಿತ ತಂತ್ರಾಂಶ ಇದೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನಲ್ಲಿ ಯಾವುದು ಹೆಚ್ಚು ಬಿಸಿಯೋ ಅದರ ಮಾತು ಕೇಳುವ ಹಾಗೆ ಫ್ಯಾನನ್ನು ಹೊಂದಿಸಬಹುದು. ಈಗ ದನಿ ರೆಕಾರ್ಡ್ ಮಾಡುವಾಗ ಹೆಡ್‌ಫೋನಿನಲ್ಲಿ ಕೇಳೋದು ಹೊರಗಿನ ಆಟೋಗಳ ಸದ್ದು. ಅದಕ್ಕೆ ಬಯೋಸಿನಲ್ಲಿ ಕರ್ವ್ ಇಲ್ಲ.

ತೊಗರಿ ಸೀಮೆಯ ಧೂಳು ಗೊತ್ತಿರುವವರಿಗೆ ಜಾಲರಿ ತೊಳೆಯೋದು ಹೇಳಿಕೊಡಬೇಕಿಲ್ಲ. ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತ ಹೊತ್ತಲ್ಲಿ ಜಾಲರಿ ಎಳೆದು ನಲ್ಲಿ ಕೆಳಗೆ ಹಿಡಿದರೆ ಬೂದುಬಣ್ಣದ ನೀರು ಇಳಿಯುತ್ತೆ. ಮಾಳಿಗೆ ಬಿಸಿಲಲ್ಲಿ ಇಟ್ಟರೆ ಸ್ನಾನ ಮುಗಿಯುವಷ್ಟರಲ್ಲಿ ಒಣಗಿರುತ್ತೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಗೆ ಒಂದು ಬೆರಳು ಅಡ್ಡ ಇಟ್ಟುಕೊಳ್ಳಿ. ಸುಮ್ಮನೆ ತಿರುಗಲು ಬಿಟ್ಟರೆ ಅಳತೆ ಮೀರಿ ತಿರುಗಿ ಬೇರಿಂಗು ಕೆಡುತ್ತೆ, ಬೋರ್ಡಿನ ಕಡೆಗೆ ಕರೆಂಟನ್ನೂ ಹುಟ್ಟಿಸುತ್ತೆ. ಆಯುಧಪೂಜೆಗೆ ವಿಭೂತಿ, ಕುಂಕುಮ ಹಚ್ಚೋದಿದ್ದರೆ ಜಾಲರಿ ಬಿಟ್ಟು ಮೇಲಿನ ಪಟ್ಟಿಗೆ ಹಚ್ಚಿ, ಯಂತ್ರ ಆರಿಸಿ ಹಚ್ಚಿ. ಮುಂದಿನ ಫ್ಯಾನು ಭಕ್ತಿಯಿಂದ ಎಲ್ಲವನ್ನೂ ಒಳಕ್ಕೆ ಎಳೆದುಕೊಳ್ಳುತ್ತೆ.

ದುಡ್ಡಿನ ಮಾತು. ಹೊಸ ಫ್ಯಾನು, ಸ್ಪ್ಲಿಟರ್ ಸೇರಿ ಎರಡೂವರೆ ಸಾವಿರದ ಹತ್ತಿರ ಬಿತ್ತು. ಕ್ಯಾಬಿನೆಟ್ಟಿನ ಬೆಲೆಯ ಜೊತೆ ಕೂಡಿಸಿದರೆ, ಅಷ್ಟಕ್ಕೆ ಮೊದಲೇ ಪಿಡಬ್ಲ್ಯುಎಂ ಫ್ಯಾನು ಇರುವ ಡಬ್ಬವೇ ಸಿಗುತ್ತಿತ್ತು. ಬರೀ ಆಟ ಆಡುವವರು, ಹೆಡ್‌ಫೋನ್ ಹಾಕಿಕೊಂಡು ಕೂರುವವರು ಮೊಲೆಕ್ಸ್ ಫ್ಯಾನಿನ ಜೊತೆಗೇ ಸಂಸಾರ ಮಾಡಬಹುದು. ಮೈಕು ಬಳಸುವವರು ಅಂಗಡಿಯಲ್ಲಿ ಹಿಂದಿನ ತಗಡು ಬಿಚ್ಚಿಸಿ, ಫ್ಯಾನಿನ ವೈರಿನ ತುದಿ ಕಣ್ಣಾರೆ ನೋಡಿ. ಮೊಲೆಕ್ಸ್ ಇದ್ದರೆ, ಅಥವಾ ಆ ಕಂಪನಿಯ ಹಬ್‌ಗೆ (ಫ್ಯಾನುಗಳ ವೈರೆಲ್ಲ ಕೂಡುವ ಪುಟ್ಟ ಪೆಟ್ಟಿಗೆ) ಬಿಟ್ಟು ಬೇರೆಲ್ಲೂ ಕೂರದ ಆರು ಪಿನ್ನು ಇದ್ದರೆ, ಫ್ಯಾನಿಲ್ಲದ ಡಬ್ಬ ಎಷ್ಟಕ್ಕೆ ಕೊಡ್ತೀರಿ ಅಂತ ಕೇಳಿ. ಐದಕ್ಕೆ ಮೂರು ಅಂಕ ಕೊಡ್ತೀನಿ, ಮೂರೂ ತಗಡಿಗೆ.

ಒಂದು ವಿಷಯ ಬಾಕಿ. ಈ ಡಬ್ಬದ ರೀಸೆಟ್ ಗುಂಡಿಗೆ ಕಂಪನಿಯವರು ಫ್ಯಾನಿನ ಬಣ್ಣ ಬದಲಿಸುವ ಕೆಲಸ ಕೊಟ್ಟಿದ್ದರು. ಬಣ್ಣದ ಫ್ಯಾನು ಹೋದ ಮೇಲೆ ಗುಂಡಿ ನಿರುದ್ಯೋಗಿ. ಅದರ ಎರಡು ಪಿನ್ನಿನ ವೈರನ್ನು ಮದರ್‌ಬೋರ್ಡಿನ ರೀಸೆಟ್ ಜಾಗಕ್ಕೆ ಚುಚ್ಚಿದೆ, ನಿಜವಾದ ರೀಸೆಟ್ ಗುಂಡಿಯಾಯಿತು. ಆದರೆ ನನ್ನ ಮಗಳಿಗೆ ಅದು ಇನ್ನೂ ಬಣ್ಣದ ಗುಂಡಿಯೇ. ಒಂದು ಸೀಮಂತದ ವಿಡಿಯೋ ಶೇ 90 ರೆಂಡರ್ ಆಗಿದ್ದಾಗ "ಅಪ್ಪಾ, ನೀಲಿ ಬರಲೊಲ್ದು" ಅಂತ ಮತ್ತೆ ಮತ್ತೆ ಒತ್ತಿದಳು. ಆ ವೈರು ಈಗ ಯಾವುದಕ್ಕೂ ಚುಚ್ಚಿಲ್ಲ.